ಹಳೇ ಓಮ್ನಿಯ ಎಣ್ಣೆ ಸೋರುತ್ತದೆಯೇ? ಮೇಲಿನಿಂದ ಹುಡುಕಿ

ನಮ್ಮ ಕರಾವಳಿಯ ತೋಟದ ಮನೆಗಳ ಅಂಗಳದಲ್ಲಿ ಇವತ್ತಿಗೂ ಮಾರುತಿ ಓಮ್ನಿ ಕಾಣಸಿಗುತ್ತದೆ. 1984ರಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿ 2019ರಲ್ಲಿ ನಿಂತುಹೋಯಿತು. ಆದರೂ ಇದ್ದವರು ಬಿಟ್ಟುಕೊಡುವುದಿಲ್ಲ. ಹಿಂದಿನ ಸೀಟು ತೆಗೆದರೆ ಅಡಿಕೆ ಗೋಣಿ, ಬಾಳೆಗೊನೆ, ಹಿಂಡಿ ಮೂಟೆ ಎಲ್ಲವೂ ಹಿಡಿಸುತ್ತದೆ. ಇದನ್ನು ಮಾರಿ ಬಂದ ದುಡ್ಡಿಗೆ ಇಷ್ಟು ಕೆಲಸ ಮಾಡುವ ಇನ್ನೊಂದು ಗಾಡಿ ಸಿಗುವುದಿಲ್ಲ. ಹಾಗಾಗಿ ಇದ್ದದ್ದನ್ನೇ ಸುಧಾರಿಸಿಕೊಂಡು ಹೋಗುವುದು ನಮ್ಮಂಥ ಸಣ್ಣ ಕೃಷಿಕರಿಗೆ ಅನಿವಾರ್ಯ.

ವಯಸ್ಸಾದ ಎಂಜಿನಿನ ಸಾಮಾನ್ಯ ದೂರು ಎಂದರೆ ಎಣ್ಣೆ ಸೋರುವುದು. ಇದು ಗಾಡಿ ಮಾಡಿದವರ ದೋಷ ಅಲ್ಲ. ಎಂಜಿನಿನ ಭಾಗಗಳ ನಡುವೆ ಕೂತಿರುವ ರಬ್ಬರು, ಪ್ಯಾಕಿಂಗುಗಳು ಬಿಸಿಗೆ ಬೆಂದು ಬೆಂದು ಗಟ್ಟಿಯಾಗುತ್ತವೆ, ಬಿರುಕು ಬಿಡುತ್ತವೆ. ಅವುಗಳ ಆಯುಸ್ಸೇ ಅಷ್ಟು. ಕಷ್ಟ ಇರುವುದು ಯಾವ ರಬ್ಬರು ಹೋಗಿದೆ ಎಂದು ಹೇಳುವುದರಲ್ಲಿ. ಹತ್ತಿಪ್ಪತ್ತು ರೂಪಾಯಿಯ ರಿಂಗಿಗೂ ಗೇರ್‌ಬಾಕ್ಸ್ ಇಳಿಸುವ ಕೆಲಸಕ್ಕೂ ನೆಲದ ಮೇಲೆ ಬೀಳುವ ಕಲೆ ಒಂದೇ!

ನನ್ನಲ್ಲಿರುವುದು 1997ರ ಕಾರ್ಬ್ಯುರೇಟರ್ ಓಮ್ನಿ. ಕಳೆದ ಮಳೆಗಾಲಕ್ಕೆ ಮೊದಲು ಎಂಜಿನೂ ಗೇರ್‌ಬಾಕ್ಸೂ ಸೇರುವಲ್ಲಿ ಎಣ್ಣೆ ತೊಟ್ಟಿಕ್ಕಲು ಸುರುವಾಯಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಅಡಿಗೆ ಬಗ್ಗಿ ನೋಡಿ, "ಬ್ಯಾಕ್ ಸೀಲ್ ಹೋಗಿದೆ ಅಣ್ಣಾ, ಗೇರ್‌ಬಾಕ್ಸ್ ಇಳಿಸ್ಬೇಕು. ಇಳಿಸಿದ ಮೇಲೆ ಕ್ಲಚ್ಚೂ ಹೊಸತು ಹಾಕುದು ಒಳ್ಳೇದು" ಅಂದರು. ಹೇಳಿದ ಮೊತ್ತ ನನ್ನ ತೋಟಕ್ಕೆ ಒಂದು ಸುತ್ತು ಬೋರ್ಡೋ ಮದ್ದು ಬಿಡುವ ಖರ್ಚಿನಷ್ಟಿತ್ತು. ಮಳೆ ಹತ್ತಿರ ಬಂದಿತ್ತು. ಮದ್ದು ಬಿಡುವುದೋ, ಗಾಡಿಗೆ ಸುರಿಯುವುದೋ? ಎರಡು ದಿನ ಸಮಯ ಕೇಳಿ ಗಾಡಿಯನ್ನು ಮನೆಗೆ ತಂದು ನಾನೇ ಹುಡುಕಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮಾಡು ಸೋರಿದ ಹಾಗೆ

ಹಂಚಿನ ಮಾಡು ಸೋರುವುದು ನಮಗೆಲ್ಲ ಗೊತ್ತು. ನೀರು ಒಳಗೆ ಬರುವುದು ಮೇಲೆ ಎಲ್ಲೋ ಒಡೆದ ಹಂಚಿನಲ್ಲಿ. ಆಮೇಲೆ ಪಕ್ಕಾಸಿನಲ್ಲಿ ಹರಿದು ಬಂದು ಬೀಳುವುದು ಮಂಚದ ಮೇಲೆ. ಮಂಚದ ನೇರಕ್ಕೆ ಇರುವ ಹಂಚು ಬದಲಿಸಿದರೆ ಸೋರುವುದು ನಿಲ್ಲುತ್ತದೆಯೇ?

ಎಂಜಿನಿನದ್ದೂ ಇದೇ ಕಥೆ. ಮೇಲೆ ಸೋರಿದ ಎಣ್ಣೆ ಗೋಡೆ ಹಿಡಿದು ಇಳಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಕೊನೆಗೆ ಅತಿ ತಗ್ಗಿನ ಮೂಲೆಯಲ್ಲಿ ಬಿಂದುವಾಗಿ ಬೀಳುತ್ತದೆ. ಕೆಳಗಿನಿಂದ ನೋಡಿದವರಿಗೆ ಎಲ್ಲ ಸೋರಿಕೆಯೂ ಚೇಂಬರ್ ಪ್ಯಾಕಿಂಗ್ ಅಥವಾ ಬ್ಯಾಕ್ ಸೀಲಿನದ್ದೇ ಎಂದು ಕಾಣುವುದು ಇದಕ್ಕೇ. ಆದ್ದರಿಂದ ಹುಡುಕುವಾಗ ಮೇಲಿನಿಂದ ಕೆಳಕ್ಕೆ ಬರಬೇಕು. ಒದ್ದೆಯಾದ ಜಾಗಗಳಲ್ಲಿ ಅತಿ ಎತ್ತರದ್ದು ಯಾವುದೋ ಅದರ ಮೇಲೆ ಮೊದಲ ಅನುಮಾನ.

ಯಾವ ಎಣ್ಣೆ?

ರಾತ್ರಿ ಗಾಡಿಯ ಅಡಿಗೆ ಒಂದು ರಟ್ಟು ಹಾಸಿ. ಚಕ್ರ ಎಲ್ಲಿ ನಿಂತಿದೆ ಎಂದು ರಟ್ಟಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಕಲೆ ನೋಡಿ, ಬೆರಳಿಗೆ ಹಚ್ಚಿ ಮೂಸಿ.

ಕಂದು ಅಥವಾ ಕಪ್ಪು ಬಣ್ಣದ್ದು ಎಂಜಿನ್ ಎಣ್ಣೆ. ಅದಕ್ಕಿಂತ ಮಂದವಾಗಿ, ಗಂಧಕದ ಹಾಗೆ ಘಾಟು ಹೊಡೆದರೆ ಗೇರ್ ಎಣ್ಣೆ. ನೀರಿನಷ್ಟು ತೆಳು, ಬಣ್ಣ ಬಣ್ಣ ಇದ್ದರೆ ರೇಡಿಯೇಟರಿನ ಕೂಲೆಂಟ್. ತಿಳಿಯಾಗಿ ನುಣುಪಾಗಿ, ಚಕ್ರದ ಬದಿಯಲ್ಲಿ ಬಿದ್ದಿದ್ದರೆ ಬ್ರೇಕ್ ಎಣ್ಣೆ ಇರಬಹುದು. ಬ್ರೇಕಿನದ್ದಾದರೆ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ತೊಳೆದು ಪೌಡರ್ ಹಾಕಿ

ಹತ್ತು ವರ್ಷದ ಮಣ್ಣು, ಜಿಡ್ಡು ಮೆತ್ತಿಕೊಂಡ ಎಂಜಿನಿನಲ್ಲಿ ಹೊಸ ಸೋರಿಕೆ ಕಾಣುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಬ್ರಶ್ ಹಿಡಿಯಬೇಕು.

ಓಮ್ನಿಯಲ್ಲಿ ಒಂದು ಅನುಕೂಲ ಉಂಟು. ಮುಂದಿನ ಸೀಟು ಎತ್ತಿದರೆ ಎಂಜಿನಿನ ತಲೆ ಕಣ್ಣೆದುರೇ ಇರುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ಒಂದು ವಯರು ಬಿಚ್ಚಿಡಿ. ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬ್ಯುರೇಟರಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ. ಹಳೇ ಬ್ರಶ್ಶನ್ನು ಡೀಸೆಲಿನಲ್ಲಿ ಅದ್ದಿ ಉಜ್ಜಿ, ಬಟ್ಟೆಯಿಂದ ಒರಸಿ. ಕೊನೆಗೆ ಸೋಪಿನ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರಸಿ ಒಣಗಲು ಬಿಡಿ. ಬೀಡಿ, ಬೆಂಕಿ ಹತ್ತಿರ ಬೇಡ. ಡೀಸೆಲ್ ಪೂರ್ತಿ ಆರುವ ತನಕ ಎಂಜಿನ್ ಸ್ಟಾರ್ಟ್ ಮಾಡಬಾರದು.

ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ಅನುಮಾನದ ಜಾಗಗಳಿಗೆಲ್ಲ ತೆಳ್ಳಗೆ ಉದುರಿಸಿ. ಬೆಲ್ಟಿನ ಮೇಲೆ ಬೀಳದಿರಲಿ. ಬೋರ್ಡೋಗೆ ತಂದ ಸುಣ್ಣದ ಪುಡಿ ಬಳಸಬೇಡಿ, ಅದು ಅಲ್ಯುಮಿನಿಯಂ ತಿನ್ನುತ್ತದೆ. ಈಗ ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ನಂತರ ನಾಲ್ಕೈದು ಕಿಲೋಮೀಟರ್ ಓಡಿಸಿ ಬನ್ನಿ. ಟಾರ್ಚ್ ಹಿಡಿದು ನೋಡಿದರೆ ಬಿಳಿ ಪೌಡರಿನಲ್ಲಿ ಎಣ್ಣೆಯ ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲಿನ ತುದಿಯೇ ಸೋರಿಕೆಯ ಮೂಲ. ಕಾಣದಿದ್ದರೆ ಎರಡು ದಿನ ಓಡಿಸಿ ಪುನಃ ನೋಡಿ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು

ನನ್ನ ಓಮ್ನಿಯಲ್ಲಿ ಗೆರೆ ಸುರುವಾದದ್ದು ಎಂಜಿನಿನ ತಲೆಯ ಹಿಂದಿನ ತುದಿಯಲ್ಲಿ, ಡಿಸ್ಟ್ರಿಬ್ಯೂಟರ್ ಕೂರುವ ಬುಡದಲ್ಲಿ. ಈ ಎಂಜಿನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್ ಶಾಫ್ಟ್. ಅದರ ಬುಡದಲ್ಲಿ ಒಂದು ರಬ್ಬರ್ ಓ ರಿಂಗ್ ಇದೆ. ಆ ಬುಡ ತಲೆಗೆ ಸೇರುವಲ್ಲೂ ಪ್ಯಾಕಿಂಗ್ ಇದೆ. ಅಲ್ಲಿ ಸೋರಿದ್ದು ನೇರ ಕೆಳಗೆ ಇಳಿದು ಗೇರ್‌ಬಾಕ್ಸಿನ ಹೆಗಲ ಮೇಲೆ ಬೀಳುತ್ತದೆ. ಕೆಳಗಿನಿಂದ ನೋಡಿದರೆ ಥೇಟು ಬ್ಯಾಕ್ ಸೀಲ್ ಹೋದ ಹಾಗೆಯೇ!

ಊರ ಜಂಕ್ಷನ್ನಿನ ಮೆಕ್ಯಾನಿಕ್ಕಿಗೆ ಗೆರೆ ತೋರಿಸಿದೆ. "ಇದಾ? ಇದು ಒಂದು ಗಂಟೆಯ ಕೆಲಸ ಅಣ್ಣಾ" ಅಂದ. ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಅದರ ಬುಡಕ್ಕೂ ರೋಟರ್ ನಿಂತ ದಿಕ್ಕಿಗೂ ಗುರುತು ಹಾಕಿದ. ಇದು ಮುಖ್ಯ. ಗುರುತು ತಪ್ಪಿದರೆ ಟೈಮಿಂಗ್ ತಪ್ಪುತ್ತದೆ, ಗಾಡಿ ಸ್ಟಾರ್ಟೇ ಆಗದು. ಬಿಚ್ಚಿಟ್ಟಿರುವಾಗ ಎಂಜಿನ್ ತಿರುಗಿಸಲೂ ಬಾರದು. ತೆಗೆದ ಓ ರಿಂಗ್ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿತ್ತು, ಮಡಚಿದರೆ ಮುರಿಯಿತು. ಹೊಸತಕ್ಕೆ ಎಣ್ಣೆ ಸವರಿ ಕೂರಿಸಿದ. ಪ್ಯಾಕಿಂಗನ್ನೂ ಬದಲಿಸಿ ಟೈಮಿಂಗ್ ಸರಿಮಾಡಿ ಕೊಟ್ಟ. ಮಳೆಗಾಲ ಪೂರ್ತಿ ಓಡಿಸಿದ್ದೇನೆ, ರಟ್ಟಿನಲ್ಲಿ ಕಲೆ ಇಲ್ಲ. ಮದ್ದೂ ಸಮಯಕ್ಕೆ ಸರಿಯಾಗಿ ಬಿಟ್ಟಾಯಿತು.

ಬೇರೆ ಜಾಗಗಳು

ಎಲ್ಲರ ಗಾಡಿಯಲ್ಲೂ ಅದೇ ರಿಂಗ್ ಹೋಗಿರಬೇಕೆಂದಿಲ್ಲ. ಮೇಲಿನಿಂದ ಕೆಳಕ್ಕೆ ಹೀಗೆ ನೋಡುತ್ತಾ ಬನ್ನಿ.

ಟ್ಯಾಪೆಟ್ ಕವರ್ ಪ್ಯಾಕಿಂಗ್: ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಸೋರುವುದು ಇಲ್ಲಿ. ಎಣ್ಣೆ ಬಿಸಿ ಸೈಲೆನ್ಸರ್ ಕೊಳವೆಗೆ ಬಿದ್ದರೆ ಸುಟ್ಟ ವಾಸನೆ ಸೀಟಿನ ಅಡಿಯಿಂದಲೇ ಬರುತ್ತದೆ. ಇದನ್ನು ಉದಾಸೀನ ಮಾಡಬೇಡಿ, ಬೆಂಕಿಯ ಭಯ ಉಂಟು. ಪ್ಯಾಕಿಂಗ್ ಅಗ್ಗ, ಕೈಬಳಕೆ ಇದ್ದವರು ಮನೆಯಲ್ಲೇ ಹಾಕಬಹುದು. ಆದರೆ ಸೋರುತ್ತದೆಂದು ಬೋಲ್ಟನ್ನು ಬಲವಾಗಿ ಬಿಗಿದರೆ ತಗಡು ಬಗ್ಗಿ ಇನ್ನಷ್ಟು ಸೋರುತ್ತದೆ. ಸಣ್ಣ ಸ್ಪ್ಯಾನರಿನಲ್ಲಿ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಪ್ರೆಶರ್ ಸ್ವಿಚ್: ಎಣ್ಣೆಯ ಕೆಂಪು ದೀಪಕ್ಕೆ ಸಂಬಂಧಿಸಿದ ಸಣ್ಣ ಸ್ವಿಚ್ಚು. ಅದರ ವಯರು ಎಳೆದು ನೋಡಿ. ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಹೋಗಿದೆ, ಹೊಸತು ಹಾಕಿ. ಒತ್ತಡದ ಎಣ್ಣೆಯಾದ್ದರಿಂದ ಇಲ್ಲಿ ಸೋರಿಕೆ ಬೇಗ ಜೋರಾಗುತ್ತದೆ.

ಆಯಿಲ್ ಫಿಲ್ಟರ್: ಹಳೇ ಫಿಲ್ಟರಿನ ರಬ್ಬರ್ ಬಳೆ ಎಂಜಿನಿಗೇ ಅಂಟಿ ಉಳಿಯುವುದುಂಟು. ಅದರ ಮೇಲೆ ಹೊಸ ಫಿಲ್ಟರ್ ಹಾಕಿದರೆ ಎಣ್ಣೆ ಸುರಿಯುತ್ತದೆ. ಹಳೇ ಬಳೆ ತೆಗೆದು ಜಾಗ ಒರಸಿ, ಹೊಸ ಬಳೆಗೆ ಎಣ್ಣೆ ಸವರಿ. ರಬ್ಬರು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್: ಟೈಮಿಂಗ್ ಬೆಲ್ಟಿನ ಮುಚ್ಚಳದ ಅಡಿಯಿಂದ ಎಣ್ಣೆ ಬಂದರೆ ಇವುಗಳ ಮೇಲೆ ಅನುಮಾನ. ಎಣ್ಣೆ ಕುಡಿದ ಬೆಲ್ಟ್ ಬೇಗ ಹಾಳಾಗುತ್ತದೆ. ಬೆಲ್ಟ್ ಬದಲಿಸುವಾಗಲೇ ಸೀಲುಗಳನ್ನೂ ಬದಲಿಸಿದರೆ ಕೂಲಿ ಒಂದೇ.

ಚೇಂಬರ್ ಮತ್ತು ಡ್ರೈನ್ ಬೋಲ್ಟ್: ಬೋಲ್ಟಿನ ವಾಷರು ಬದಲಿಸಿದರೇ ಎಷ್ಟೋ ಸಲ ಸರಿಯಾಗುತ್ತದೆ. ಚೇಂಬರ್ ಪ್ಯಾಕಿಂಗಿಗೆ ಗಮ್ ಹಚ್ಚುವಾಗ ತೆಳ್ಳಗೆ ಹಚ್ಚಿಸಿ. ಒಳಗೆ ಉಕ್ಕಿದ ಗಮ್ ಕಳಚಿಕೊಂಡು ಹೋಗಿ ಎಣ್ಣೆ ಹೀರುವ ಜಾಲರಿಗೆ ಅಡ್ಡ ಕೂತರೆ ಎಂಜಿನೇ ಹೋಗುತ್ತದೆ.

ಉಸಿರು ಕಟ್ಟಿದರೆ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಓಡುವ ಎಂಜಿನಿನಲ್ಲಿ ಪಿಸ್ಟನ್ ಬದಿಯಿಂದ ಸ್ವಲ್ಪ ಗ್ಯಾಸ್ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಅದು ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಕಡೆಗೆ ಒಂದು ಬ್ರೀದರ್ ಪೈಪು ಇರುತ್ತದೆ. ಜಿಡ್ಡು ಕಟ್ಟಿ ಅಥವಾ ಮಡಚಿ ಈ ಪೈಪು ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಆಗ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಒಂದಲ್ಲ, ಮೂರು ನಾಲ್ಕು ಕಡೆ ಒಟ್ಟಿಗೇ ಸೋರಿದರೆ ಮೊದಲು ಈ ಪೈಪು ಬಿಚ್ಚಿ ಊದಿ ನೋಡಿ. ಡೀಸೆಲಿನಲ್ಲಿ ತೊಳೆದು ಒಣಗಿಸಿ ಹಾಕಿ.

ಪೈಪು ಚೊಕ್ಕ ಇದ್ದೂ, ಎಣ್ಣೆ ಹೊಯ್ಯುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಅಂಥ ಎಂಜಿನಿಗೆ ಎಷ್ಟು ಪ್ಯಾಕಿಂಗ್ ಹಾಕಿದರೂ ಪ್ರಯೋಜನವಿಲ್ಲ. ಆಗ ಎಂಜಿನ್ ಕೆಲಸ ಮಾಡಿಸುವುದೋ, ಎಣ್ಣೆ ಹೊಯ್ದುಕೊಂಡು ಓಡಿಸುವುದೋ ಎಂದು ಯೋಚಿಸಿ.

ಬ್ಯಾಕ್ ಸೀಲೇ ಆದರೆ?

ಬ್ಯಾಕ್ ಸೀಲ್ ಹೋಗುವುದೇ ಇಲ್ಲ ಎಂದಲ್ಲ. ಮೇಲೆಲ್ಲ ಪೌಡರ್ ಒಣಗಿಯೇ ಇದ್ದು, ಗೇರ್‌ಬಾಕ್ಸ್ ಸೇರುವಲ್ಲಿ ಒಳಗಿನಿಂದಲೇ ಎಂಜಿನ್ ಎಣ್ಣೆ ಬರುತ್ತಿದ್ದರೆ ಅದೇ ಸರಿ. ಬಂದದ್ದು ಗೇರ್ ಎಣ್ಣೆಯಾದರೆ ಗೇರ್‌ಬಾಕ್ಸಿನ ಸೀಲ್. ಗುಡ್ಡ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ ಎಂದಾದರೆ ಎಣ್ಣೆ ಕ್ಲಚ್ಚಿಗೆ ತಾಗಿದ ಲಕ್ಷಣ. ಆಗ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಸೀಲಿನ ಜತೆಗೆ ಕ್ಲಚ್ ಪ್ಲೇಟನ್ನೂ ನೋಡಿಸಿ, ಎಣ್ಣೆ ಕುಡಿದಿದ್ದರೆ ಬದಲಿಸಿ.

ಎಷ್ಟು ಸೋರಿದರೆ ತಲೆಬಿಸಿ?

ಗೋಡೆ ಬರೇ ಒದ್ದೆಯಾಗಿದ್ದು ಬಿಂದು ಬೀಳದಿದ್ದರೆ ಅವಸರವಿಲ್ಲ. ಬಿಂದು ಬೀಳುತ್ತಿದ್ದರೆ ಲೆಕ್ಕ ಇಡಿ. ಈ ಎಂಜಿನ್ ಹಿಡಿಯುವುದೇ ಸುಮಾರು ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಹೋಯಿತೆಂದರೆ ಮೂರನೇ ಒಂದು ಪಾಲು ಹೋದಂತೆ. ಅಡಿಕೆ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಎಣ್ಣೆ ಹೊಯ್ದ ದಿನ, ಅಳತೆ, ಕಿಲೋಮೀಟರ್ ಬರೆದಿಡಿ. ಸೋರಿಕೆ ಹೆಚ್ಚುತ್ತಿದೆಯೋ ಇಲ್ಲವೋ ಅದೇ ಹೇಳುತ್ತದೆ.

ದಪ್ಪ ಎಣ್ಣೆ ಹೊಯ್ದರೆ ಕೆಲವು ದಿನ ಕಡಿಮೆಯಾದ ಹಾಗೆ ಕಾಣಬಹುದು, ಹೋದ ರಬ್ಬರು ಸರಿಯಾಗುವುದಿಲ್ಲ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಲ್ಲ, ಅದಕ್ಕೆ ಮೊದಲೇ ಇದನ್ನೆಲ್ಲ ಮುಗಿಸಿಕೊಂಡರೆ ಒಳ್ಳೆಯದು.

ಜೀಪು, ಅಂಬಾಸಿಡರ್, ಪಿಕಪ್ ಇದ್ದವರಿಗೂ ಈ ಕ್ರಮ ಹೊಂದುತ್ತದೆ. ಸೋರುವ ಜಾಗಗಳು ಬೇರೆ ಇರಬಹುದು, ಹುಡುಕುವ ದಾರಿ ಒಂದೇ. ರಿಪೇರಿ ಮೆಕ್ಯಾನಿಕ್ಕೇ ಮಾಡಲಿ, ಹುಡುಕುವ ಕೆಲಸ ನಾವು ಮಾಡಿಟ್ಟರೆ ಅವರಿಗೂ ಸುಲಭ, ನಮ್ಮ ಕಿಸೆಗೂ ಹಿತ.

ನೆನಪಿಡಿ

* ಬರೇ ಜಾಕಿನ ಮೇಲೆ ನಿಲ್ಲಿಸಿ ಗಾಡಿಯ ಅಡಿಗೆ ಹೋಗಬೇಡಿ. ಕೆಂಪುಕಲ್ಲು, ಇಟ್ಟಿಗೆ ಒಡೆಯುತ್ತವೆ. ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಿ.

* ಎಣ್ಣೆ ಅಳೆಯುವಾಗ ಗಾಡಿ ಸಮತಟ್ಟಿನಲ್ಲಿರಲಿ. ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡಿ.

* ಮೇಲಿನ ಗೆರೆ ದಾಟಿ ಎಣ್ಣೆ ತುಂಬಿಸಬೇಡಿ. ಹೆಚ್ಚಾದ ಎಣ್ಣೆಯೂ ಸೋರಿಕೆಗೆ ಕಾರಣ.

* ಓಡುವಾಗ ಎಣ್ಣೆಯ ಕೆಂಪು ದೀಪ ಉರಿದರೆ ಕೂಡಲೇ ಬದಿಗೆ ನಿಲ್ಲಿಸಿ. ಮನೆ ಹತ್ತಿರ ಉಂಟೆಂದು ಓಡಿಸಬೇಡಿ.

* ಹಳೇ ಎಣ್ಣೆಯನ್ನು ಬಾವಿ, ತೋಡಿನ ಬದಿಗೆ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿಸಿಟ್ಟು, ಹಳೇ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.