ಹಿತ್ತಲಿನ ಬಟಾಣಿ ಬಳ್ಳಿಗೆ ತಕ್ಕ ಆಸರೆ

ಕಾಫಿ ಕೊಯ್ಲು ಮತ್ತು ಅಡಿಕೆ ಕೊಯ್ಲು ಒಟ್ಟಿಗೇ ಬರುವ ನವೆಂಬರಿನಿಂದ ಫೆಬ್ರವರಿಯವರೆಗೆ ಸಣ್ಣ ಬೆಳೆಗಾರರ ಮನೆಗಳಲ್ಲಿ ಊಟಕ್ಕೆ ಕೂರುವವರು ಹೆಚ್ಚು, ಪೇಟೆಗೆ ಹೋಗಿಬರಲು ಪುರಸೊತ್ತು ಕಡಿಮೆ. ಮಳೆಗಾಲದ ಹೀರೆ, ಸೌತೆ, ಹಾಗಲಗಳು ಅಷ್ಟರಲ್ಲಿ ಮುಗಿದಿರುತ್ತವೆ. ಈ ನಾಲ್ಕು ತಿಂಗಳಿಗೆ ಒಗ್ಗುವ ತರಕಾರಿಗಳಲ್ಲಿ ಹಸಿ ಬಟಾಣಿಯೂ ಒಂದು. ಆದರೂ ನಮ್ಮ ಮಲೆನಾಡಿನ ಹಿತ್ತಲುಗಳಲ್ಲಿ ಅದನ್ನು ಕಾಣುವುದು ಅಪರೂಪ. “ಒಂದು ವರ್ಷ ಹಾಕಿ ನೋಡಿದೆವು, ಗಿಡ ನೆಲಕ್ಕೆ ಬಿದ್ದು ಕೊಳೆಯಿತು, ಬಟಾಣಿ ನಮ್ಮ ಕಡೆಗಲ್ಲ” ಎಂಬ ಮಾತು ಸದಸ್ಯರಿಂದ ಆಗಾಗ ಕೇಳಿಬರುತ್ತದೆ. ಇದಕ್ಕೆ ಹವೆಯ ದೋಷಕ್ಕಿಂತ ಆಸರೆಯ ದೋಷವೇ ಬಹುಮಟ್ಟಿಗೆ ಕಾರಣ.

ಬಳ್ಳಿ ಹತ್ತುವ ಬಗೆ

ಬಳ್ಳಿಗಳೆಲ್ಲ ಒಂದೇ ರೀತಿಯಲ್ಲಿ ಹತ್ತುವುದಿಲ್ಲ. ನಾವು ದಿನವೂ ನೋಡುವ ಮೆಣಸಿನ ಬಳ್ಳಿ ಗೆಣ್ಣುಗಳಲ್ಲಿ ಬೇರು ಬಿಟ್ಟು ಮರದ ತೊಗಟೆಗೆ ಅಂಟಿಕೊಳ್ಳುತ್ತದೆ. ಚಪ್ಪರದವರೆಯ ಬಳ್ಳಿ ತನ್ನ ಕಾಂಡವನ್ನೇ ಗೂಟಕ್ಕೆ ಸುತ್ತಿಕೊಂಡು ಏರುತ್ತದೆ. ಬಟಾಣಿ ಈ ಎರಡನ್ನೂ ಮಾಡಲಾರದು. ಅದರ ಎಲೆಯ ತುದಿಯಲ್ಲಿ ದಾರದಂಥ ಕುಡಿಗಳಿರುತ್ತವೆ. ಶಾಲೆಯ ಪುಸ್ತಕಗಳಲ್ಲಿ ಇವಕ್ಕೆ ಲತಾತಂತು ಎನ್ನುತ್ತಾರೆ. ಇವು ನಿಜವಾಗಿ ರೂಪ ಬದಲಿಸಿದ ಎಲೆಗಳೇ. ಬಳ್ಳಿಗಳು ಹತ್ತುವ ಈ ಬಗೆಗಳನ್ನು ವಿಂಗಡಿಸಿ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು.

ತಂತು ಗಾಳಿಯಲ್ಲಿ ನಿಧಾನವಾಗಿ ಸುತ್ತು ತಿರುಗುತ್ತ ಹಿಡಿತವನ್ನು ಹುಡುಕುತ್ತದೆ. ಏನಾದರೂ ತಾಗಿದರೆ ಕೆಲವು ಗಂಟೆಗಳಲ್ಲೇ ಅದನ್ನು ಸುತ್ತಿಕೊಳ್ಳುತ್ತದೆ. ಆದರೆ ತಂತು ಗಿಡ್ಡ. ಅದು ಸುತ್ತಬೇಕಾದ ವಸ್ತು ಪೆನ್ಸಿಲಿಗಿಂತ ದಪ್ಪವಿರಬಾರದು. ನಾವು ಮಾಡುವುದೇನು? ಅವರೆಗೆ ನಿಲ್ಲಿಸುವಂತೆ ಬಟಾಣಿಗೂ ಅಡಿಕೆ ದಬ್ಬೆ ನಿಲ್ಲಿಸುತ್ತೇವೆ. ಎರಡಂಗುಲ ಅಗಲದ ದಬ್ಬೆಯನ್ನು ತಂತು ಹಿಡಿಯಲಾರದು. ಆಗ ಪಕ್ಕದ ಗಿಡವನ್ನೇ ಹಿಡಿಯುತ್ತದೆ. ಎಲ್ಲ ಗಿಡಗಳೂ ಒಂದಕ್ಕೊಂದು ತೊಡರಿ ಒಟ್ಟಿಗೆ ಮಗುಚುತ್ತವೆ. ನೆಲಕ್ಕೆ ತಾಗಿದ ಕಾಯಿ ಇಬ್ಬನಿಯ ತೇವಕ್ಕೆ ಕೊಳೆಯುತ್ತದೆ, ಉಳಿದದ್ದು ಗೊಂಡೆಹುಳುವಿನ ಪಾಲಾಗುತ್ತದೆ.

ಸ್ಥಳ ಮತ್ತು ಕಾಲ

ಬಟಾಣಿಗೆ ತಂಪು ಹವೆ ಬೇಕು, ನೆರಳು ಬೇಡ. ಕಾಫಿಯ ನೆರಳಿನಲ್ಲಾಗಲಿ ಅಡಿಕೆ ತೋಟದೊಳಗಾಗಲಿ ಹಾಕಿ ಪ್ರಯೋಜನವಿಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವೇ ಆಗಬೇಕು. ಒಣಗಿಸುವ ಕಣದ ಅಂಚು ಅನೇಕರಿಗೆ ಅನುಕೂಲ. ಬಚ್ಚಲ ನೀರು ಹರಿಯುವ ಕಡೆ ಬೇರು ಕೊಳೆಯುತ್ತದೆ.

ಜೋರು ಮಳೆ ನಿಂತ ಮೇಲೆ, ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ಬಿತ್ತಬೇಕು. ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೂ ಉದುರುವುದರಿಂದ, ತಡವಾಗಿ ಬಿತ್ತಿದರೆ ಗಿಡ ಮಾತ್ರ ಕಾಣುತ್ತದೆ, ಕಾಯಿ ಕಾಣುವುದಿಲ್ಲ.

ನಮ್ಮ ಹುಳಿ ಮಣ್ಣು ಬಟಾಣಿಗೆ ಒಗ್ಗದು. ತೋಟಕ್ಕೆ ತಂದ ಕೃಷಿ ಸುಣ್ಣದಲ್ಲೇ, 10 ಅಡಿ ಉದ್ದ 4 ಅಡಿ ಅಗಲದ ಪಾತಿಗೆ ಮುಕ್ಕಾಲು ಕಿಲೋದಷ್ಟನ್ನು ಬಿತ್ತನೆಗೆ ಎರಡು ವಾರ ಮೊದಲು ಮಣ್ಣಿನಲ್ಲಿ ಬೆರೆಸಬೇಕು. ಆಮೇಲೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ ಸಾಕು. ಯೂರಿಯಾ ಬೇಡ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಒಂದು ಗಿಡ ಕಿತ್ತು ಗಂಟನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆದಿದೆ ಎಂದು ಅರ್ಥ.

ಬೀಜ

ಬಟಾಣಿಯಲ್ಲಿ ಗಿಡ್ಡ ಮತ್ತು ಎತ್ತರದ ಜಾತಿಗಳಿವೆ. ಅನುವಂಶೀಯತೆಯ ಬಗ್ಗೆ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಳಸಿದ ಎತ್ತರದ ಜಾತಿ ಆರೇಳು ಅಡಿ ಬೆಳೆಯುತ್ತಿತ್ತು, ಗಿಡ್ಡದ್ದು ಒಂದೂವರೆ ಅಡಿಯನ್ನೂ ಮೀರುತ್ತಿರಲಿಲ್ಲ. ಈಗ ಸಿಗುವವುಗಳಲ್ಲಿ ಅರ್ಕೆಲ್ ಗಿಡ್ಡ ಜಾತಿ, 55ರಿಂದ 60 ದಿನಕ್ಕೆ ಮೊದಲ ಕೊಯ್ಲು. ಬೋನ್‌ವಿಲ್ ಅದಕ್ಕಿಂತ ಎತ್ತರ, ಸುಮಾರು ಮೂರು ವಾರ ತಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅಜಿತ್ ತಳಿಗೆ ಬೂದಿ ರೋಗ ಮತ್ತು ತುಕ್ಕು ರೋಗಗಳನ್ನು ತಡೆಯುವ ಗುಣವಿದೆ. ಅಂಗಡಿಯ ಒಣ ಬಟಾಣಿ ಮೊಳೆತರೂ ಅದರ ಹಸಿಕಾಳಿಗೆ ಅಷ್ಟು ಸಿಹಿ ಇರದು.

ಬೀಜವನ್ನು ರಾತ್ರಿ ನೆನೆಸಿ, ಒಂದಂಗುಲ ಆಳದಲ್ಲಿ, ಎರಡೂವರೆ ಅಂಗುಲಕ್ಕೆ ಒಂದರಂತೆ ಊರಬೇಕು. ಸಾಲಿನಿಂದ ಸಾಲಿಗೆ ಗಿಡ್ಡ ಜಾತಿಗೆ ಒಂದು ಅಡಿ, ಎತ್ತರದ್ದಕ್ಕೆ ಎರಡು ಅಡಿ ಅಂತರವಿರಲಿ. ಔಷಧಿ ಲೇಪಿಸಿದ ಬಣ್ಣದ ಬೀಜವಾದರೆ ನೆನೆಸಬಾರದು. ಮಿಕ್ಕದ್ದನ್ನು ಅಡಿಗೆಗೆ ಬಳಸಲೇಬಾರದು.

ಆಸರೆ ಕೊಡುವ ವಿಧಾನ

ಗಿಡ ನಾಲ್ಕರಿಂದ ಆರು ಅಂಗುಲ ಎತ್ತರವಾಗಿ ಮೊದಲ ತಂತು ಕಾಣುವಷ್ಟರಲ್ಲಿ ಆಸರೆ ಸಿದ್ಧವಿರಬೇಕು. ಬಿದ್ದ ಗಿಡವನ್ನು ಎತ್ತಿ ಕಟ್ಟಹೋದರೆ ಟೊಳ್ಳು ಕಾಂಡ ಮುರಿಯುತ್ತದೆ. ಬಿತ್ತಿದ ದಿನವೇ ಕಡ್ಡಿ ನೆಟ್ಟರೆ ಇನ್ನೂ ಒಳ್ಳೆಯದು; ನವಿಲು, ಕಾಡುಕೋಳಿಗಳು ಮೊಳಕೆಯನ್ನು ಕೆದಕಲು ಅದರಿಂದ ಅಡ್ಡಿಯಾಗುತ್ತದೆ.

ಗಿಡ್ಡ ಜಾತಿಗೆ ಎರಡಡಿ ಎತ್ತರದ, ಬಹಳ ಕವಲುಗಳಿರುವ ಒಣ ಬರಲುಗಳನ್ನು ಸಾಲಿನ ಉದ್ದಕ್ಕೂ ಒತ್ತಾಗಿ ಚುಚ್ಚಿದರೆ ಸಾಕು. ಬಿದಿರಿನ ಮುಳ್ಳುಕೊಂಬೆ, ಒಣಗಿದ ಲಂಟಾನ, ಕಾಫಿ ಕಸಿಯ ತೆಳು ತುದಿಗಳು ಇದಕ್ಕೆ ಆಗುತ್ತವೆ. ಎತ್ತರದ ಜಾತಿಗೆ ಐದಾರು ಅಡಿಗೆ ಒಂದರಂತೆ ದಬ್ಬೆ ನಿಲ್ಲಿಸಿ, ನೆಲದಿಂದ ಆರಂಗುಲಕ್ಕೆ ಒಂದರಂತೆ ತೆಂಗಿನ ನಾರಿನ ಸಣ್ಣ ಹುರಿ ಅಥವಾ ಬಾಳೆನಾರನ್ನು ಅಡ್ಡಕ್ಕೆ ಬಿಗಿಯಬೇಕು. ಹೀಗೆ ದಬ್ಬೆ ಹುರಿಯನ್ನು ಹೊರುತ್ತದೆ, ಹುರಿ ಬಳ್ಳಿಯನ್ನು ಹೊರುತ್ತದೆ. ಬಾಳೆನಾರು ಮೂರು ತಿಂಗಳು ತಾಳಿದರೆ ನಮ್ಮ ಕೆಲಸ ಮುಗಿಯಿತು. ಕೊನೆಗೆ ಬಳ್ಳಿಯ ಸಮೇತ ಗೊಬ್ಬರದ ಗುಂಡಿಗೆ ಹಾಕಬಹುದು.

ಯಾವ ಕಡ್ಡಿ ಬೇಡ

ಇದನ್ನು ಬೆಳೆಗಾರರು ವಿಶೇಷವಾಗಿ ಗಮನಿಸಬೇಕು. ರೊಬಸ್ಟಾದ ಎಳೆ ಕಡ್ಡಿಗಳಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತು ಕಂಡರೆ ಅದು ಕಡ್ಡಿಕೊರಕದ ಗುರುತು. ಅಂಥ ಕಡ್ಡಿಯನ್ನು ಸುಡಬೇಕೇ ಹೊರತು ಹಿತ್ತಲಿಗೆ ತರಬಾರದು. ಬಿಳಿ ಕಾಂಡಕೊರಕ ತಗುಲಿದ ಅರೇಬಿಕಾ ಗಿಡದ ಕಾಂಡವನ್ನು ಗೂಟವಾಗಿ ನಿಲ್ಲಿಸುವುದು ಇನ್ನೂ ಅಪಾಯ. ಈ ದುಂಬಿ ಹೊರಬಂದು ಹಾರುವ ಎರಡು ಅವಧಿಗಳಲ್ಲಿ ಒಂದು ಅಕ್ಟೋಬರಿನಿಂದ ಡಿಸೆಂಬರ್, ಅಂದರೆ ಬಟಾಣಿಯ ಕಾಲವೇ. ನಾಲ್ಕು ಸೇರು ಬಟಾಣಿಯ ಆಸೆಗೆ ತೋಟಕ್ಕೆ ಶತ್ರುವನ್ನು ಸಾಕಿದಂತಾಗುತ್ತದೆ. ಹಸಿ ಗ್ಲಿರಿಸಿಡಿಯ, ಹಾಲುವಾಣದ ಕಡ್ಡಿಗಳೂ ಬೇಡ. ಅವು ಬೇರುಬಿಟ್ಟು ಚಿಗುರಿ ಪಾತಿಗೆ ನೆರಳು ಮಾಡುತ್ತವೆ.

ರೋಗ, ಕೊಯ್ಲು, ಬೀಜದ ಉಳಿಕೆ

ಹೂ ಬಿಡುವಾಗ ಮತ್ತು ಕಾಯಿ ತುಂಬುವಾಗ ನೀರು ತಪ್ಪಬಾರದು. ಡಿಸೆಂಬರ್ ನಂತರ ಎಲೆಯ ಮೇಲೆ ಬಿಳಿ ಪುಡಿಯಂತೆ ಬೂದಿ ರೋಗ ಕಾಣಬಹುದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಇದಕ್ಕೆ ತಕ್ಕ ಮದ್ದಲ್ಲ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂನಂತೆ, ಬಿಸಿಲೇರುವ ಮೊದಲು, ಬಲಿತ ಕಾಯಿಗಳನ್ನು ಕೊಯ್ದುಕೊಂಡು ಸಿಂಪಡಿಸಬೇಕು.

ಹೂವಾದ ಸುಮಾರು ಮೂರು ವಾರಕ್ಕೆ ಕಾಯಿ ತುಂಬುತ್ತದೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಬಿಡಿಸಬೇಕು. ಎಳೆದರೆ ಬಳ್ಳಿ ಕಿತ್ತುಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕೊಯ್ಯುತ್ತಿದ್ದರೆ ಹೂ ಮುಂದುವರಿಯುತ್ತದೆ. ಕೊಯ್ದ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗತೊಡಗುವುದರಿಂದ, ದೂರದಿಂದ ಬಂದ ಪೇಟೆಯ ಬಟಾಣಿಗೆ ಹಿತ್ತಲಿನ ರುಚಿ ಬಾರದು.

ಬಟಾಣಿಯ ಹೂವಿನಲ್ಲಿ ಸ್ವಕೀಯ ಪರಾಗಸ್ಪರ್ಶವೇ ನಡೆಯುವುದರಿಂದ ಶುದ್ಧ ತಳಿಯ ಬೀಜ ಕೆಡುವುದಿಲ್ಲ. ಒಳ್ಳೆಯ ನಾಲ್ಕು ಗಿಡಗಳ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಮುಂದಿನ ಅಕ್ಟೋಬರಿಗೆ ಕೊಳ್ಳುವ ಖರ್ಚಿಲ್ಲ. ಉಳಿದ ಬಳ್ಳಿಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ. ಬೇರಿನಲ್ಲಿರುವ ಸಾರಜನಕ ಅದೇ ಪಾತಿಯ ಬೇಸಿಗೆ ಸೊಪ್ಪಿಗೆ ಒದಗುತ್ತದೆ.

— ಕಾರ್ಯದರ್ಶಿ