ಬೇಳೆಗೊಂದು ಸಾಕ್ಷಿಪತ್ರ

ಬೀದರ ನಗರವು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಅಲ್ಲಿಂದ ಭಾಲ್ಕಿ, ಔರಾದಗಳತ್ತ ಸಾಗಿದರೆ ಮಾಂಜರಾ ನದಿಯ ಸೀಮೆಯ ಕರಿಮಣ್ಣು ಎದುರಾಗುತ್ತದೆ. ತೊಗರಿ, ಉದ್ದು, ಹೆಸರು, ಜೋಳ, ಸೋಯಾ ಅವರೆಗಳು ಇಲ್ಲಿನ ಬೆಳೆಗಳು. ಇಂಥ ಬೇಳೆಯೇ ಪಟ್ಟಣದ ಅಂಗಡಿಯಲ್ಲಿ ‘ಸಾವಯವ’ವೆಂಬ ಚೀಟಿ ಹೊತ್ತು ಹೆಚ್ಚಿನ ಬೆಲೆಗೆ ಕುಳಿತಾಗ, ಕೊಳ್ಳುವವರಲ್ಲಿ ಸಂಶಯವೊಂದು ಮೂಡುವುದು ಸಹಜ: ಇದು ದಿಟವೆಂದು ಹೇಳುವವರಾರು?

ನೋಟಕ್ಕೆ ಎರಡು ಬೇಳೆಗಳೂ ಒಂದೇ. ಆದುದರಿಂದ ಪರೀಕ್ಷೆಯು ಮೊದಲಾಗಬೇಕಾದುದು ಅಂಗಡಿಯಲ್ಲಲ್ಲ, ಹೊಲದಲ್ಲಿ.

ಇದಕ್ಕೆ ದೇಶದಲ್ಲಿ ಎರಡು ಮಾರ್ಗಗಳುಂಟು. ಮೊದಲನೆಯದು, ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿ 2001ರಿಂದ ನಡೆದುಬಂದಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಹೊರದೇಶಗಳಿಗೆ ಸರಕು ಕಳುಹಿಸುವವರಿಗೆ ಇದೇ ದಾರಿ. ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷಕರು ಹೊಲಕ್ಕೆ ಬಂದು, ಬೀಜ, ಗೊಬ್ಬರ, ಬಿತ್ತನೆ, ರಾಶಿ, ಮಾರಾಟಗಳ ಲೆಕ್ಕವನ್ನೆಲ್ಲ ನೋಡುತ್ತಾರೆ. ಒಬ್ಬಂಟಿಯಾಗಿ ಇದರ ವೆಚ್ಚ ಹೊರಲಾರದ ಸಣ್ಣ ರೈತರು ಗುಂಪುಗೂಡಬಹುದು. ಗುಂಪಿನಲ್ಲಿ 25ಕ್ಕೆ ಕಡಿಮೆಯಿಲ್ಲದೆ, 500ಕ್ಕೆ ಮೀರದೆ ಸದಸ್ಯರಿರಬೇಕು.

ಎರಡನೆಯದು, ಕೃಷಿ ಸಚಿವಾಲಯವು 2011ರಲ್ಲಿ ಆರಂಭಿಸಿದ ಸಹಭಾಗಿತ್ವದ ಖಾತರಿ ಪದ್ಧತಿ. ಇಲ್ಲಿ ಐವರು ರೈತರು ಕೂಡಿದರೂ ಸಾಕು. ಅವರು ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸುತ್ತಾರೆ. ಇದು ದೇಶದೊಳಗಣ ಮಾರಾಟಕ್ಕೆ ಸಲ್ಲುತ್ತದೆ. ನೆರೆಯವನ ತಪ್ಪನ್ನು ಕಂಡೂ ಸುಮ್ಮನಿದ್ದರೆ ಇಡೀ ಗುಂಪಿನ ಮಾತೇ ಬೆಲೆಗೆಡುವುದು. ಹೇಳಿದರೆ ಊರಿನ ಸ್ನೇಹಕ್ಕೆ ಮುನಿಸು ತಟ್ಟುವುದು. ಈ ಪದ್ಧತಿಯ ಬಲವೂ ಕಷ್ಟವೂ ಅಲ್ಲಿಯೇ ಇದೆ.

ಇವೆಲ್ಲಕ್ಕಿಂತ ಕಠಿನವಾದುದು ಕಾಯುವಿಕೆ. ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ, ಮಾವಿನಂಥ ಬಹುವಾರ್ಷಿಕಗಳಿಗೆ ಮೂರು ವರ್ಷ ಪರಿವರ್ತನೆಯ ಕಾಲವೆಂದು ಮೊದಲನೆಯ ಕಾರ್ಯಕ್ರಮದ ನಿಯಮ. ಈ ಅವಧಿಯಲ್ಲಿ ರಾಸಾಯನಿಕ ಗೊಬ್ಬರವಿಲ್ಲ, ವಿಷದ ಸಿಂಪಡಣೆಯಿಲ್ಲ. ಇಳುವರಿ ಕುಗ್ಗುವ ಭಯವುಂಟು. ಆದರೆ ಪೂರ್ಣ ಸಾವಯವವೆಂಬ ಹೆಸರಾಗಲಿ, ಅದಕ್ಕೆ ತಕ್ಕ ಬೆಲೆಯಾಗಲಿ ಇನ್ನೂ ಕೈಗೆ ಬಂದಿರುವುದಿಲ್ಲ. ಪಕ್ಕದ ಹೊಲದ ಔಷಧ ಗಾಳಿಯಲ್ಲಿ ತೇಲಿ ಬಾರದಂತೆ ಬದುವಿನಂಚನ್ನೂ ಕಾಯಬೇಕು.

ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ಈ ಸೀಮೆಗೆ ದೇವಣಿ ತಳಿಯ ದನಗಳ ಭಾಗ್ಯವೂ ಉಂಟು. ಕೊಟ್ಟಿಗೆ ತುಂಬಿದ್ದರೆ ತಿಪ್ಪೆಯೂ ತುಂಬುವುದು. ಆದರೆ ಗೊಬ್ಬರವೊಂದರಿಂದಲೇ ಸಾಕ್ಷಿಪತ್ರ ಬಾರದು. ಬರೆದಿಟ್ಟ ಲೆಕ್ಕವೂ ಬೇಕು.

ಬೇಳೆಯ ಪೊಟ್ಟಣ ಕೊಳ್ಳುವವರು ಬೆಲೆಯೊಡನೆ ಅದರ ಮೇಲಿನ ಮುದ್ರೆಯನ್ನೂ ಓದುವುದು ಲೇಸು. ಕಾದು ಬೆಳೆದವನಿಗೂ ಬರಿಯ ಮಾತಿನಲ್ಲಿ ಮಾರುವವನಿಗೂ ಇರುವ ಅಂತರವನ್ನು ತಿಳಿಸಲು ಅಂಗಡಿಯಲ್ಲಿ ಉಳಿದಿರುವುದು ಆ ಗುರುತೊಂದೇ.