ಸಂದರ್ಶನವೂ ಒಂದು ಮಾಪನವೇ

1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಡೇವಿಡ್ ಕಿನೆಬ್ರೂಕ್ ಎಂಬ ಸಹಾಯಕನು ತನ್ನ ಕೆಲಸವನ್ನು ಕಳೆದುಕೊಂಡನು. ದೂರದರ್ಶಕದೊಳಗಿನ ಸಣ್ಣ ತಂತಿಯನ್ನು ನಕ್ಷತ್ರವೊಂದು ದಾಟುವ ಕ್ಷಣವನ್ನು, ಗಡಿಯಾರದ ಸದ್ದನ್ನು ಎಣಿಸುತ್ತ ಗುರುತಿಸಿಡುವುದು ಆತನ ಕರ್ತವ್ಯ. ಆತನು ಬರೆದಿಟ್ಟ ಕಾಲವು, ಮುಖ್ಯಸ್ಥರಾದ ಮ್ಯಾಸ್ಕೆಲೀನರು ಬರೆದಿಟ್ಟ ಕಾಲಕ್ಕಿಂತ ಸುಮಾರು 0.8 ಸೆಕೆಂಡಿನಷ್ಟು ತಡವಾಗಿರುತ್ತಿತ್ತು. ಅಜಾಗರೂಕತೆಯೇ ಇದಕ್ಕೆ ಕಾರಣವೆಂದು ಆತನನ್ನು ತೆಗೆದುಹಾಕಿದರು. ಮುಂದೆ ಪ್ರಷ್ಯದ ಖಗೋಳಜ್ಞ ಬೆಸೆಲ್‌ನು ಈ ಪ್ರಕರಣವನ್ನು ಓದಿ, ತನ್ನ ವೀಕ್ಷಣೆಗಳನ್ನು ಇತರ ನುರಿತ ಖಗೋಳಜ್ಞರ ವೀಕ್ಷಣೆಗಳೊಡನೆ ಹೋಲಿಸಿ ನೋಡಿದನು. ಅತ್ಯಂತ ಎಚ್ಚರಿಕೆಯುಳ್ಳವರಲ್ಲಿಯೂ ಒಬ್ಬರಿಗೂ ಮತ್ತೊಬ್ಬರಿಗೂ ಅಂತರವಿದ್ದಿತು! ದೂರದರ್ಶಕ, ಗಡಿಯಾರಗಳಂತೆಯೇ ನೋಡುವ ಮನುಷ್ಯನೂ ಒಂದು ಉಪಕರಣ; ಅವನಿಗೂ ಅವನದೇ ಆದ ದೋಷವುಂಟು. ಖಗೋಳಜ್ಞರು ಇದನ್ನು ‘ವೈಯಕ್ತಿಕ ಸಮೀಕರಣ’ವೆಂದು ಕರೆದರು.

ನಕ್ಷತ್ರವೊಂದು ತಂತಿಯನ್ನು ದಾಟುವುದನ್ನು ನೋಡುವಲ್ಲಿಯೇ ಇಷ್ಟು ದೋಷವಿದ್ದರೆ, ಒಬ್ಬ ಮನುಷ್ಯನು ಅರ್ಧ ಗಂಟೆಯಲ್ಲಿ ಮತ್ತೊಬ್ಬ ಮನುಷ್ಯನನ್ನು ಅಳೆಯುವಲ್ಲಿ ಎಷ್ಟಿರಬೇಡ? ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ಸಂದರ್ಶನದ ಮೇಜಿನ ಒಂದು ಬದಿಯಲ್ಲಿ ಕುಳಿತುಕೊಳ್ಳುವರು. ಅವರಲ್ಲಿ ಕೆಲವರು ಮುಂದೆ ಅದರ ಇನ್ನೊಂದು ಬದಿಯಲ್ಲಿಯೂ ಕುಳಿತುಕೊಳ್ಳುವರು. ಆದುದರಿಂದ ಈ ಮಾಪನದ ಗುಣದೋಷಗಳನ್ನು ಸ್ವಲ್ಪ ವಿಚಾರಿಸೋಣ. ಉದಾಹರಣೆಗಾಗಿ ಸಂಪರ್ಕ ವ್ಯವಸ್ಥಾಪಕನ ಹುದ್ದೆಯನ್ನೇ ತೆಗೆದುಕೊಳ್ಳೋಣ. ಏಕೆಂದರೆ, ಸಂದರ್ಶನವೆಂಬ ಉಪಕರಣವು ನಮ್ಮನ್ನು ಅತ್ಯಂತ ಸುಲಭವಾಗಿ ಮೋಸಗೊಳಿಸುವುದು ಈ ಹುದ್ದೆಯಲ್ಲಿಯೇ.

ಒಂದು ತಪ್ಪಿನ ಕಥೆ

ಸಂಪರ್ಕ ವ್ಯವಸ್ಥಾಪಕನು ಸಂಸ್ಥೆಗೂ ಜನರಿಗೂ ನಡುವೆ ನಿಲ್ಲುವವನು. ಪ್ರಕಟಣೆಗಳನ್ನು ಬರೆಯುವುದು, ಪತ್ರಿಕೆಯವರ ಪ್ರಶ್ನೆಗಳಿಗೆ ಉತ್ತರಿಸುವುದು, ಅಪಘಾತವಾದಾಗ ನಡೆದುದನ್ನು ನಡೆದಂತೆ ತಿಳಿಸುವುದು, ತಜ್ಞರ ಮಾತನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು, ಇವೆಲ್ಲ ಅವನ ಕೆಲಸ.

ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯು ಇಂತಹ ಹುದ್ದೆಗೆ ಆಯ್ಕೆ ನಡೆಸಿದಾಗ ನಾವೂ ಮಂಡಲಿಯಲ್ಲಿದ್ದೆವು. ಕೊನೆಗೆ ಇಬ್ಬರು ಉಮೇದುವಾರರು ಉಳಿದರು. ಮೊದಲನೆಯವರು ನಗುತ್ತ ಬಂದು ಕುಳಿತು, ಕೇಳಿದ್ದಕ್ಕೆಲ್ಲ ಅರಳು ಹುರಿದಂತೆ ಉತ್ತರ ಕೊಟ್ಟರು. ಎರಡನೆಯವರು ಒಬ್ಬ ಮಹಿಳೆ. ಪ್ರತಿ ಪ್ರಶ್ನೆಗೂ ಒಂದು ಕ್ಷಣ ತಡೆದು ಉತ್ತರಿಸುತ್ತಿದ್ದರು. “ಒಂದು ಪ್ರಕಟಣೆಯನ್ನು ಹೇಗೆ ಬರೆಯುತ್ತೀರಿ?” ಎಂದು ನಾವು ಕೇಳಿದಾಗ, “ಅದನ್ನು ಓದುವವರು ಯಾರು ಸಾರ್?” ಎಂದು ನಮ್ಮನ್ನೇ ಕೇಳಿದರು. ಅದನ್ನು ನಾವು ತಡವರಿಕೆಯೆಂದು ಎಣಿಸಿದೆವು. ಮೊದಲನೆಯವರಿಗೆ ಹತ್ತಕ್ಕೆ ಒಂಬತ್ತು, ಆಕೆಗೆ ನಾಲ್ಕು ಅಂಕಗಳನ್ನು ಕೊಟ್ಟೆವು.

ಆರು ತಿಂಗಳಾಯಿತು. ವಿದ್ಯಾರ್ಥಿನಿಲಯದ ನೀರಿನ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕಾಗಿ ಬಂದಿತು. ಸೂಚನಾ ಫಲಕದ ಮೇಲೆ ಒಂದು ಪುಟದ ಸುಂದರವಾದ ಪ್ರಕಟಣೆ ಕಾಣಿಸಿಕೊಂಡಿತು. ಆಡಳಿತ ಮಂಡಲಿಯ ಕಾಳಜಿಯ ವರ್ಣನೆಯಿಂದ ಅದು ಆರಂಭವಾಗಿತ್ತು. ಮಧ್ಯಾಹ್ನದವರೆಗೆ ನಲ್ಲಿಯ ನೀರನ್ನು ಕುಡಿಯಬಾರದೆಂಬ ಮಾತು ಕಟ್ಟಕಡೆಯ ಸಾಲಿನಲ್ಲಿತ್ತು. ಅಲ್ಲಿಯವರೆಗೆ ಓದಿದವರು ಕೆಲವರೇ. ನೀರು ಕುಡಿದ ಹಲವು ಹುಡುಗರಿಗೆ ವಾಂತಿಯಾಯಿತು. ದೇವರ ದಯೆಯಿಂದ ಹೆಚ್ಚಿನ ಅನಾಹುತವಾಗಲಿಲ್ಲ. ಆ ದಿನ ನಮಗೆ ನೆನಪಾದುದು ಆ ಮಹಿಳೆಯ ಪ್ರಶ್ನೆ: “ಓದುವವರು ಯಾರು?” ಆ ಹುದ್ದೆಯ ತಿರುಳೆಲ್ಲ ಆ ಪ್ರಶ್ನೆಯಲ್ಲಿಯೇ ಇದ್ದಿತು. ಆಯ್ಕೆಯಾದವರು ನಮಗೆ ಸುಳ್ಳು ಹೇಳಿರಲಿಲ್ಲ. ತಪ್ಪು ಇದ್ದುದು ನಮ್ಮ ಅಳತೆಗೋಲಿನಲ್ಲಿ.

ಲ್ಯಾಕ್ಟೋಮೀಟರಿನ ಪಾಠ

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬುದು ನಮ್ಮ ಗಾದೆ. ಹಾಲನ್ನು ಪರೀಕ್ಷಿಸಲು ಲ್ಯಾಕ್ಟೋಮೀಟರ್ ಎಂಬ ಸರಳ ಉಪಕರಣವುಂಟು. ವಾಸ್ತವವಾಗಿ ಅದು ಅಳೆಯುವುದು ಹಾಲಿನ ಶುದ್ಧತೆಯನ್ನಲ್ಲ, ಸಾಂದ್ರತೆಯನ್ನು. ನೀರು ಬೆರೆಸಿದರೆ ಸಾಂದ್ರತೆ ತಗ್ಗುತ್ತದೆ. ಕೆನೆ ತೆಗೆದರೆ ಏರುತ್ತದೆ. ಕೆನೆಯನ್ನು ತೆಗೆದು ಅಳತೆಯರಿತು ನೀರು ಬೆರೆಸುವ ಚತುರನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಸರಿಯಾದ ಗೆರೆಯಲ್ಲಿಯೇ ನಿಲ್ಲುತ್ತದೆ!

ಸಂದರ್ಶನವೂ ಹೀಗೆಯೇ. ಅದು ನೇರವಾಗಿ ಅಳೆಯುವುದು ಎದುರಿಗೆ ಕುಳಿತವರೊಡನೆ ಮಾತನಾಡುವ ಚಾತುರ್ಯವನ್ನು. ಲೆಕ್ಕಿಗನ ಹುದ್ದೆಗಾದರೆ, ಮಾತು ಬೇರೆ, ಲೆಕ್ಕ ಬೇರೆ ಎಂಬ ಎಚ್ಚರ ನಮಗಿರುತ್ತದೆ. ಸಂಪರ್ಕ ವ್ಯವಸ್ಥಾಪಕನ ವಿಷಯದಲ್ಲಿ ಆ ಎಚ್ಚರ ತಪ್ಪುತ್ತದೆ. ಮಾತೇ ಅವನ ಕಸುಬೆಂದು ನಾವು ಭಾವಿಸುತ್ತೇವೆ. ಆದರೆ ಮಂಡಲಿಯ ಮೂವರನ್ನು ಮೆಚ್ಚಿಸುವ ಮಾತೂ, ಕಾಣದ ಮೂರು ಸಾವಿರ ಜನರಿಗೆ ವಿಷಯವನ್ನು ಮುಟ್ಟಿಸುವ ಮಾತೂ ಒಂದೇ ಅಲ್ಲ.

ಅಳೆಯುವವರಲ್ಲಿ ಒಮ್ಮತವುಂಟೇ?

ಒಂದೇ ಉದ್ದವನ್ನು ಅಳೆದು ಒಬ್ಬನು 10 ಸೆಂಟಿಮೀಟರ್ ಎಂದೂ ಮತ್ತೊಬ್ಬನು 90 ಸೆಂಟಿಮೀಟರ್ ಎಂದೂ ಹೇಳಿದರೆ ಅಳತೆಪಟ್ಟಿಯನ್ನು ನಾವು ನಂಬುವುದಿಲ್ಲ. 1915ರಲ್ಲಿ ಅಮೆರಿಕದ ಮನೋವಿಜ್ಞಾನಿ ವಾಲ್ಟರ್ ಡಿಲ್ ಸ್ಕಾಟ್‌ನು, ಮಾರಾಟಗಾರರ ಕೆಲಸಕ್ಕೆ ಬಂದ 36 ಮಂದಿಯನ್ನು ಆರು ಮಂದಿ ಅನುಭವಸ್ಥ ಅಧಿಕಾರಿಗಳಿಂದ ಸಂದರ್ಶಿಸಿದ ವಿವರವನ್ನು ಪ್ರಕಟಿಸಿದನು. ಅವರಲ್ಲಿ 28 ಮಂದಿಯ ವಿಷಯದಲ್ಲಿ, ಇವರನ್ನು ಪಟ್ಟಿಯ ಮೇಲಿನ ಅರ್ಧದಲ್ಲಿ ಸೇರಿಸಬೇಕೇ ಕೆಳಗಿನ ಅರ್ಧದಲ್ಲಿಯೇ ಎಂಬುದರಲ್ಲಿಯೂ ಆ ಆರು ಮಂದಿಗೆ ಒಮ್ಮತವಿರಲಿಲ್ಲ. ಮುಂದೆ ಹಾಲಿಂಗ್‌ವರ್ತ್ ಎಂಬ ವಿಜ್ಞಾನಿಯು 12 ಮಂದಿ ವ್ಯವಸ್ಥಾಪಕರೂ 57 ಮಂದಿ ಉಮೇದುವಾರರೂ ಇದ್ದ ಇಂತಹುದೇ ಪ್ರಯೋಗವನ್ನು 1922ರಲ್ಲಿ ವಿವರಿಸಿದನು. ಒಬ್ಬರ ಪಟ್ಟಿಯಲ್ಲಿ ತುದಿಯಲ್ಲಿದ್ದವನು ಇನ್ನೊಬ್ಬರ ಪಟ್ಟಿಯಲ್ಲಿ ಬುಡದಲ್ಲಿದ್ದನು.

ಇದು ಯಾದೃಚ್ಛಿಕ ದೋಷವಾಯಿತು. ಇದಕ್ಕಿಂತ ಕೆಟ್ಟದ್ದು ವ್ಯವಸ್ಥಿತ ದೋಷ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಬೇರೆಬೇರೆಯಾಗಿ ಅಂಕ ಕೊಟ್ಟುದನ್ನು ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿಯು 1920ರಲ್ಲಿ ಪರಿಶೀಲಿಸಿದನು. ಒಂದು ಗುಣದಲ್ಲಿ ಹೆಚ್ಚು ಅಂಕ ಪಡೆದವನಿಗೆ ಉಳಿದೆಲ್ಲದರಲ್ಲಿಯೂ ಹೆಚ್ಚೇ ಬಂದಿದ್ದವು. ಆ ಹೊಂದಿಕೆ ನಂಬಲಾಗದಷ್ಟು ಅಧಿಕವಾಗಿತ್ತು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯಂತೆ, ಒಂದು ಗುಣದ ಕಾಂತಿಯು ಇತರ ಗುಣಗಳ ಮೇಲೆಲ್ಲ ಹರಡುತ್ತದೆ. ನಮ್ಮ ಮಂಡಲಿಯ ಕಣ್ಣುಗಳನ್ನು ಕುಕ್ಕಿದುದು ಈ ಪ್ರಭಾವಳಿಯೇ.

2013ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ ಇನ್ನೂ ವಿನೋದಕರವಾಗಿದೆ. ಅಮೆರಿಕದ ಕೆಲವು ವಿದ್ಯಾರ್ಥಿಗಳು ಇತರ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಅವರ ಪರೀಕ್ಷಾ ಅಂಕಗಳನ್ನು ಊಹಿಸಬೇಕಾಗಿತ್ತು. ಉತ್ತರಿಸುವವರಲ್ಲಿ ಕೆಲವರು ಗುಟ್ಟಾಗಿ, ಪ್ರಶ್ನೆಗೆ ಸಂಬಂಧವೇ ಇಲ್ಲದ ಒಂದು ನಿಯಮವನ್ನು ಹಿಡಿದು ಉತ್ತರಿಸುತ್ತಿದ್ದರು. ಆದರೂ ಪ್ರಶ್ನಿಸಿದವರಿಗೆ ತಾವು ಎದುರಿಗಿನವರನ್ನು ಅರಿತೆವೆಂದೇ ತೋರಿತು! ಹಿಂದಿನ ಅಂಕಗಳನ್ನು ಮಾತ್ರ ನೋಡಿ ಮಾಡಿದ ಊಹೆಯು ಸಂದರ್ಶನದ ನಂತರದ ಊಹೆಗಿಂತ ಉತ್ತಮವಾಗಿತ್ತು.

ಉಪಕರಣವನ್ನು ತಿದ್ದುವ ಬಗೆ

ಹಾಗಾದರೆ ಸಂದರ್ಶನವನ್ನು ಬಿಟ್ಟುಬಿಡಬೇಕೇ? ಭಾರತ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಅದನ್ನು ಕೈಬಿಟ್ಟಿತು. ಆದರೆ ನಮ್ಮ ಈ ಹುದ್ದೆಯಲ್ಲಿ ಎದುರಿಗೆ ಕೂಡಿಸಿಕೊಂಡು ಕೇಳಬೇಕಾದ ಸಂಗತಿಗಳೂ ಉಂಟು. ಉಪಕರಣವನ್ನು ಎಸೆಯುವ ಬದಲು ತಿದ್ದಬೇಕು.

ಹೀಗೆ ತಿದ್ದಿದವರಲ್ಲಿ ಡೇನಿಯಲ್ ಕಾನೆಮನ್ ಪ್ರಸಿದ್ಧರು. 2002ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ಮನೋವಿಜ್ಞಾನಿಯು, 1950ರ ದಶಕದ ಮಧ್ಯದಲ್ಲಿ, ತಮ್ಮ 21ರ ಹರೆಯದಲ್ಲಿ, ಇಸ್ರೇಲಿನ ಸೈನ್ಯದಲ್ಲಿದ್ದರು. ಅಲ್ಲಿ ಹೊಸ ಸೈನಿಕರೊಡನೆ ಸ್ವಲ್ಪ ಹೊತ್ತು ಹರಟಿ ಒಟ್ಟು ಅಭಿಪ್ರಾಯವನ್ನು ಬರೆಯುವ ರೂಢಿಯಿತ್ತು; ಆ ಅಭಿಪ್ರಾಯವು ಮುಂದೆ ನಿಷ್ಪ್ರಯೋಜಕವೆಂದು ಕಂಡುಬರುತ್ತಿತ್ತು. ಕಾನೆಮನ್ನರು ಆರು ಗುಣಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ನಡೆದ ಸಂಗತಿಗಳನ್ನು ಕುರಿತ ಪ್ರಶ್ನೆಗಳನ್ನು ಗೊತ್ತುಪಡಿಸಿದರು. ಒಂದು ಗುಣಕ್ಕೆ 1ರಿಂದ 5ರ ವರೆಗೆ ಅಂಕವನ್ನು ಬರೆದ ಬಳಿಕವೇ ಮುಂದಿನ ಗುಣಕ್ಕೆ ಹೋಗಬೇಕೆಂದರು. “ನಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ” ಎಂದು ಸಂದರ್ಶಕರು ಗೊಣಗಿದಾಗ, ಕೊನೆಯಲ್ಲಿ ಕಣ್ಣು ಮುಚ್ಚಿ ತಮ್ಮ ಒಟ್ಟು ಅಭಿಪ್ರಾಯಕ್ಕೂ ಒಂದು ಅಂಕ ಕೊಡಲು ಅವರು ಸಮ್ಮತಿಸಿದರು. ಆರು ಅಂಕಗಳ ಮೊತ್ತವು ಹಳೆಯ ಪದ್ಧತಿಗಿಂತ ಬಹಳ ಮೇಲಾಗಿ ಪರಿಣಮಿಸಿತು. ಆಶ್ಚರ್ಯವೆಂದರೆ, ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅದರಷ್ಟೇ ಚೆನ್ನಾಗಿತ್ತು! ಒಳಮನಸ್ಸಿನ ಮಾತಿಗೂ ಬೆಲೆಯುಂಟು. ಆದರೆ ಅದು ಸಂಗತಿಗಳನ್ನೆಲ್ಲ ಕ್ರಮವಾಗಿ ಕೇಳಿ ತಿಳಿದ ಮೇಲೆ ಮಾತ್ರ.

ಇದನ್ನು ನಮ್ಮ ಹುದ್ದೆಗೆ ಅನ್ವಯಿಸೋಣ. ಮೊದಲು, ಕೆಲಸವನ್ನೇ ಮಾಡಿಸಿ ನೋಡಬೇಕು. ಪ್ರತಿ ಉಮೇದುವಾರರಿಗೂ ಒಂದೇ ತಾಂತ್ರಿಕ ವರದಿಯನ್ನು ಕೊಟ್ಟು, ಮುಕ್ಕಾಲು ಗಂಟೆಯಲ್ಲಿ ನೂರು ಪದಗಳ ಪ್ರಕಟಣೆಯನ್ನು ಬರೆಯಿಸಬೇಕು. ಹೆಸರನ್ನು ಮರೆಮಾಡಿ, ವಿಷಯವನ್ನರಿಯದ ಒಬ್ಬರಿಂದ ಅದನ್ನು ಓದಿಸಿ, “ಈಗ ನೀವು ಮಾಡಬೇಕಾದುದೇನು? ಯಾವಾಗ? ಸಂದೇಹ ಬಂದರೆ ಯಾರನ್ನು ಕೇಳಬೇಕು?” ಎಂದು ಪ್ರಶ್ನಿಸಬೇಕು. ಓದಿದವರು ಕೊಟ್ಟ ಸರಿಯುತ್ತರಗಳೇ ಬರೆದವರ ಅಂಕಗಳು. ಸಾಂದ್ರತೆಯ ಬದಲು ಹಾಲನ್ನೇ ಅಳೆದಂತಾಯಿತು!

ಎರಡನೆಯದಾಗಿ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾಪಕ. ಉದಾಹರಣೆಗೆ: “ಸಂಜೆ ಆರು ಗಂಟೆಗೆ ಒಂದು ವದಂತಿ ಹಬ್ಬಿದೆ. ನಿಜ ತಿಳಿಯುವುದು ನಾಳೆ ಬೆಳಗ್ಗೆ. ಪತ್ರಿಕೆಯವರು ದೂರವಾಣಿಯಲ್ಲಿದ್ದಾರೆ. ಏನು ಹೇಳುವಿರಿ?” ಗೊತ್ತಿಲ್ಲದುದನ್ನು ಅಲ್ಲಗಳೆದರೆ 1 ಅಂಕ. ‘ನಾಳೆ ತಿಳಿಸುತ್ತೇವೆ’ ಎಂದಷ್ಟೇ ಹೇಳಿದರೆ 3. ಗೊತ್ತಿರುವುದಿಷ್ಟು, ಗೊತ್ತಿಲ್ಲದುದಿಷ್ಟು, ಇಷ್ಟು ಗಂಟೆಗೆ ಮತ್ತೆ ತಿಳಿಸುತ್ತೇವೆ ಎಂದು ವಿಂಗಡಿಸಿ ಹೇಳಿದರೆ 5. ಅಂಕಗಳ ಅರ್ಥವು ಪ್ರಶ್ನೆ ಕೇಳುವ ಮೊದಲೇ ನಿರ್ಧಾರವಾಗಿರಬೇಕು.

ಮೂರನೆಯದಾಗಿ, ಸಂದರ್ಶಕರು ಪರಸ್ಪರ ಮಾತನಾಡುವ ಮೊದಲೇ ತಂತಮ್ಮ ಅಂಕಗಳನ್ನು ಬರೆದಿಡಬೇಕು. 1907ರಲ್ಲಿ ಗಾಲ್ಟನ್ ಪ್ರಕಟಿಸಿದ ಒಂದು ಲೆಕ್ಕವುಂಟು. ಒಂದು ಎತ್ತಿನ ಮಾಂಸದ ತೂಕವನ್ನು ಕುರಿತು 787 ಮಂದಿ ಬೇರೆಬೇರೆಯಾಗಿ ಬರೆದ ಊಹೆಗಳ ಮಧ್ಯಾಂಕವು 1207 ಪೌಂಡು; ನಿಜವಾದ ತೂಕ 1198 ಪೌಂಡು. ವ್ಯತ್ಯಾಸವು ಶೇಕಡಾ ಒಂದಕ್ಕಿಂತಲೂ ಕಡಿಮೆ! ಮೂವರು ಸ್ವತಂತ್ರವಾಗಿ ಅಳೆದು ಸರಾಸರಿ ತೆಗೆದರೆ ಯಾದೃಚ್ಛಿಕ ದೋಷವು ಮೂರರ ವರ್ಗಮೂಲದಷ್ಟು, ಎಂದರೆ ಸುಮಾರು 1.7 ಪಟ್ಟು ತಗ್ಗುತ್ತದೆ. ಹಿರಿಯರು ಮೊದಲು ಬಾಯಿ ತೆರೆದು ಉಳಿದವರು ತಲೆದೂಗಿದರೆ ಮೂವರೂ ಒಬ್ಬರೇ ಆದಂತೆ. ಮೂವರಿಗೂ ಪ್ರಭಾವಳಿಯ ಭ್ರಮೆಯೇ ಕವಿದಿದ್ದರೆ ಸರಾಸರಿಯಿಂದಲೂ ಪ್ರಯೋಜನವಿಲ್ಲ. ಒಂದೇ ಬಗೆಯ ದೋಷವುಳ್ಳ ಮೂರು ಉಷ್ಣಮಾಪಕಗಳು ಒಂದೇ ತಪ್ಪನ್ನು ಹೇಳುತ್ತವಲ್ಲವೇ?

ಈಗ ಇಬ್ಬರು ಉಮೇದುವಾರರನ್ನು ಕಲ್ಪಿಸಿಕೊಳ್ಳೋಣ. ಬರವಣಿಗೆ, ವಿಷಯಗ್ರಹಣ, ಸಂಕಟದಲ್ಲಿ ವರ್ತನೆ, ನೇರ ನುಡಿ, ಸಹಕಾರ, ಮಾತಿನ ಸೊಗಸು ಎಂಬ ಆರು ಗುಣಗಳಲ್ಲಿ ಕ್ರಮವಾಗಿ ‘ಅ’ ಎಂಬುವರಿಗೆ 2, 2, 3, 3, 4, 5. ‘ಆ’ ಎಂಬುವರಿಗೆ 5, 4, 4, 4, 3, 2 ಅಂಕಗಳು. ಕಡೆಯ ಅಂಕವನ್ನೇ ನೋಡಿದರೆ ‘ಅ’ ಗೆಲ್ಲುತ್ತಾರೆ. ಮೊತ್ತವನ್ನು ನೋಡಿದರೆ 19ಕ್ಕೆ ಎದುರಾಗಿ 22 ಪಡೆದು ‘ಆ’ ಗೆಲ್ಲುತ್ತಾರೆ.

ಅಳತೆಯ ಮಿತಿ

ಇಷ್ಟೆಲ್ಲ ಮಾಡಿದರೂ ಮನುಷ್ಯನನ್ನು ಪೂರ್ಣವಾಗಿ ಅಳೆದಂತಾಯಿತೇ? ಇಲ್ಲ. ಸಂದರ್ಶನದ ಅಂಕಕ್ಕೂ ಮುಂದಿನ ಕೆಲಸದ ಗುಣಕ್ಕೂ ಇರುವ ಹೊಂದಿಕೆಯನ್ನು ಸಹಸಂಬಂಧ ಗುಣಾಂಕದಿಂದ ಸೂಚಿಸುತ್ತಾರೆ. ಸಂಬಂಧವೇ ಇಲ್ಲದಿದ್ದರೆ ಅದು 0, ಪೂರ್ಣ ಹೊಂದಿಕೆಯಿದ್ದರೆ 1. ಅಮೆರಿಕದ ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು ಹಿಂದಿನ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿ 2022ರಲ್ಲಿ ಕೊಟ್ಟ ಅಂದಾಜಿನಂತೆ, ಕ್ರಮಬದ್ಧ ಸಂದರ್ಶನದ ಗುಣಾಂಕ 0.42, ಹರಟೆಯ ಸಂದರ್ಶನದ್ದು 0.19, ಕೆಲಸವನ್ನೇ ಮಾಡಿಸುವ ಪರೀಕ್ಷೆಯದು 0.33. ಇವನ್ನು ವರ್ಗಮಾಡಿ ನೋಡಿರಿ. ಜನರ ಕೆಲಸದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡಾ 18ರಷ್ಟನ್ನು ಕ್ರಮಬದ್ಧ ಸಂದರ್ಶನವು ಮುಂಗಾಣುತ್ತದೆ. ಹರಟೆಯು ಶೇಕಡಾ 4ನ್ನೂ ಮುಟ್ಟುವುದಿಲ್ಲ. ಒಂದು ಇನ್ನೊಂದರ ನಾಲ್ಕು ಪಟ್ಟಿಗಿಂತ ಹೆಚ್ಚು; ಆದರೆ ಉತ್ತಮವಾದುದು ಕೂಡ ಪೂರ್ಣತೆಯಿಂದ ಬಹು ದೂರ.

ಈ ಅಂಕಿಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಮಾಧಾನವೂ ಅಡಗಿದೆ. ನೀವು ಮುಂದೆ ಯಾವುದಾದರೂ ಸಂದರ್ಶನದಲ್ಲಿ ಆಯ್ಕೆಯಾಗದೆ ಹಿಂದಿರುಗಿದರೆ, ಅದು ನಿಮ್ಮ ಯೋಗ್ಯತೆಯ ಕಡೆಯ ತೀರ್ಪಲ್ಲ. ದೋಷವುಳ್ಳ ಉಪಕರಣವೊಂದು ಒಮ್ಮೆ ತೋರಿಸಿದ ಅಂಕಿ, ಅಷ್ಟೇ. ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಾಗ ಕಿನೆಬ್ರೂಕನನ್ನು ಜ್ಞಾಪಿಸಿಕೊಳ್ಳಿರಿ. ಮುಖ್ಯಸ್ಥರು ತಮ್ಮ ಕಣ್ಣಿನ ದೋಷವನ್ನೂ ಒಮ್ಮೆ ಪರೀಕ್ಷಿಸಿದ್ದರೆ ಆತನ ಕೆಲಸ ಉಳಿಯುತ್ತಿತ್ತು. ನಾವು ನಾಲ್ಕು ಅಂಕಗಳನ್ನು ಕೊಟ್ಟು ಕಳುಹಿಸಿದ ಆ ಮಹಿಳೆ ಈಗ ಎಲ್ಲಿರುವರೋ ನಮಗೆ ತಿಳಿಯದು. ಆದರೆ ಆಕೆ ಕೇಳಿದ ಪ್ರಶ್ನೆಯನ್ನು ಅಂದಿನಿಂದ ಏನನ್ನು ಬರೆಯುವಾಗಲೂ ನಾವು ಮೊದಲು ಕೇಳಿಕೊಳ್ಳುತ್ತೇವೆ. ಈ ಲೇಖನವನ್ನು ಬರೆಯುವಾಗಲೂ ಕೇಳಿಕೊಂಡೆವು.